ಹೆಪ್ಪು ಕೊಟ್ಟಂಗಲ್ಲ, ಹಾಡು ಕೊಡೋದು

ಶ್ರಾವಣಕ್ಕ ಇನ್ನೂ ಎಂಟು ದಿನ ಇತ್ತು. ನಮ್ಮ ತವರಮನಿ ವಾಟ್ಸಾಪ್ ಗ್ರೂಪಿನ್ಯಾಗ ತಂಗಿ ಮಗಳು ಒಂದು ಮೆಸೇಜ್ ಹಾಕಿದ್ಲು. "ಈ ವರ್ಷ ನನ್ನ ಮೊದಲನೇ ಮಂಗಳಗೌರಿ. ಯಾರ ಹತ್ರರೆ ಗೌರಿ ಹಾಡು, ಆರತಿ ಹಾಡು ಇದ್ರ ಡೌನ್‌ಲೋಡ್ ಮಾಡಿ ಕಳಸ್ರಿ."

ಹತ್ತು ನಿಮಿಷದಾಗ ಹದಿನೇಳು ಹಾಡು ಬಂದು ಬಿದ್ವು. ಕಾಕು ಆರು ಕಳಿಸಿದ್ರು, ವೈನಿ ಐದು ಕಳಿಸಿದ್ರು, ಉಳದವರು ಒಂದೊಂದು ಎರಡೆರಡು. ನಾನು ಎಲ್ಲಾ ತೆಗೆದು ನೋಡಿದೆ. ಭಾಳಷ್ಟು ಹಾಡಿನ ಹೆಸರಿನ ಮುಂದ ಪುಕ್ಕಟೆ ಹಾಡು ಹಂಚೋ ಯಾವುದೋ ವೆಬ್‌ಸೈಟಿನ ಹೆಸರಿತ್ತು. ಹಾಡಿದವರ ಹೆಸರು ಮಾತ್ರ ಒಂದರಾಗೂ ಇರಲಿಲ್ಲ. ನಾನು ಸುಮ್ನ ಇರಲಾರದ "ಹಿಂಗ ಕಳಸಬ್ಯಾಡ್ರಿ, ಹಾಡಿದವರಿಗೆ ಒಂದು ಪೈಸಾನೂ ಮುಟ್ಟಂಗಿಲ್ಲ" ಅಂತ ಬರದೆ.

ಎಲ್ಲಾರೂ ನಕ್ಕರು. ವೈನಿ ಅಂತೂ ಬರದೇ ಬಿಟ್ರು. "ಆತು ತಗೋರಿ. ಕ್ಯಾಸೆಟ್ ತುಂಬಿಸಿ ತುಂಬಿಸಿ ಓಣಿಗೆಲ್ಲಾ ಹಂಚಿದವರು ಈಗ ನಮಗ ಬುದ್ಧಿ ಹೇಳ್ತಾರ!"

ವೈನಿ ಹೇಳಿದ್ದು ಖರೆ ಅದ. ನಾ ಹಂಚೀನಿ. ಅದಕ್ಕ ಇವತ್ತು ಇದನ್ನ ಬರೀಲಿಕತ್ತೀನಿ.

ನಮ್ಮ ಮನಿಗೆ ಎರಡು ಕ್ಯಾಸೆಟ್ ಹಾಕೋ ಟೇಪ್‌ರೆಕಾರ್ಡರ್ ಬಂದದ್ದು 1991ರ ದೀಪಾವಳಿಗೆ. ಒಂದು ಕಡೆ ಹಾಡಿದ್ದ ಕ್ಯಾಸೆಟ್, ಇನ್ನೊಂದು ಕಡೆ ಖಾಲಿ ಕ್ಯಾಸೆಟ್ ಹಾಕಿ ಎರಡು ಬಟನ್ ಒತ್ತಿದ್ರ ಮುಗೀತು. ಆವಾಗ ಬಜಾರದಾಗ ಹಾಡು ತುಂಬಿಸಿ ಕೊಡೋ ಅಂಗಡಿನೂ ಇದ್ವು, ನಿಮಗೆಲ್ಲಾ ನೆನಪಿರಬೇಕು. ನೋಟಬುಕ್ಕಿನ ಹಾಳಿ ಹರದು ಬೇಕಾದ ಹಾಡಿನ ಪಟ್ಟಿ ಬರದು, ಖಾಲಿ ಕ್ಯಾಸೆಟ್ ಕೊಟ್ಟು ಬಂದ್ರ ಎರಡು ದಿನಕ್ಕ ತುಂಬಿಸಿ ಇಡ್ತಿದ್ದ. ಅವಗ ರೊಕ್ಕ ಕೊಡ್ತಿದ್ವಿ, ಹಿಂಗಾಗಿ ನಾವು ಹಾಡು ಕೊಂಡೀವಿ ಅಂತ ತಿಳ್ಕೊಂಡಿದ್ವಿ. ಆ ರೊಕ್ಕ ಅಂಗಡಿ ಬಾಗಲಾ ದಾಟಿ ಹಾಡಿದವರ ತನಕ ಹೋಗಂಗಿಲ್ಲ ಅನ್ನೋದು ತಲಿಗೇ ಬರಲಿಲ್ಲ.

ಅದೇ ಹೊತ್ತಿನಾಗ ಕ್ಯಾಸೆಟ್ಟಿನಿಂದ ಒಂದು ದೊಡ್ಡ ಉಪಕಾರನೂ ಆಗಿತ್ತು. ಅದಕ್ಕಿಂತ ಮೊದಲ ಗ್ರಾಮಫೋನ್ ತಟ್ಟಿ ಇದ್ದದ್ದು ಅನುಕೂಲಸ್ಥರ ಮನ್ಯಾಗ. ದೆಹಲಿಯೊಳಗ ಹಣ್ಣಿನ ರಸ ಮಾರೋ ಮನಿತನದಿಂದ ಬಂದ ಗುಲ್ಶನ್ ಕುಮಾರ್ ಟಿ-ಸೀರೀಸ್ ಕಂಪನಿ ತೆಗೆದು ಕ್ಯಾಸೆಟ್ ಸೋವಿ ಮಾಡಿದ್ರು. ನಮ್ಮ ಬೆಂಗಳೂರಿನ್ಯಾಗ ಲಹರಿ, ಸಂಗೀತಾ ಅಂತ ಕಂಪನಿಗಳು ಬೆಳದ್ವು. ಭಾವಗೀತೆ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಎಲ್ಲಾ ಅಡಗಿಮನಿ ಕಟ್ಟಿ ಮ್ಯಾಲೆ ಬಂದು ಕೂತ್ವು. ಊರೂರಿಗೆ ಸಣ್ಣ ಸಣ್ಣ ಕ್ಯಾಸೆಟ್ ಕಂಪನಿ ಹುಟ್ಟಿದ್ವು. ರೇಡಿಯೋದಾಗ ಅವಕಾಶ ಸಿಗದವರು, ಭಜನಿ ಮಂಡಳಿಯವರು, ಸೋಬಾನ ಹಾಡವರು, ಇಂಥವರ ಧ್ವನಿನೂ ರೆಕಾರ್ಡ್ ಆಗಲಿಕ್ಕೆ ಶುರು ಆತು.

ನಮ್ಮ ಸೋದರತ್ತಿ ಧ್ವನಿ ರೆಕಾರ್ಡ್ ಆದದ್ದೂ ಹಂಗ. ಆಕಿ ಸಾಲಿ ಕಲ್ತದ್ದು ನಾಲ್ಕನೇತ್ತಾ ತನಕ. ಹಾಡು ಮಾತ್ರ ಬುಟ್ಟಿಗಟ್ಟಲೆ ಬರತಿದ್ವು. ಅರಿಷಿಣ ಹಚ್ಚೋ ಹಾಡು, ಬೀಗರನ್ನ ಕಾಡೋ ಹಾಡು, ತೊಟ್ಟಲದ ಹಾಡು, ಬೀಸೋ ಪದ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯವರು ಯಾರದೋ ಮದುವಿಯೊಳಗ ಅತ್ತಿ ಹಾಡೋದು ಕೇಳಿ ಕರಕೊಂಡು ಹೋದ್ರು. ಹತ್ತು ಆರತಿ ಹಾಡಿನ ಕ್ಯಾಸೆಟ್ ಬಂತು. ಅತ್ತಿಗೆ ಐದು ನೂರು ರೂಪಾಯಿ, ಒಂದು ಸೀರಿ, ಇಪ್ಪತ್ತೈದು ಕ್ಯಾಸೆಟ್ ಕೊಟ್ರು. "ಇವು ಖರ್ಚಾದ್ರ ಬೀಸೋ ಪದದ್ದು ಇನ್ನೊಂದು ಮಾಡೋಣ ಬಾಯಾರ, ಅದಕ್ಕ ಒಂದು ಸಾವಿರ ಕೊಡ್ತೀನಿ" ಅಂದಿದ್ರು ಮಾಲಕರು.

ನಾನು ಏನ್ ಮಾಡಿದೆ? ಭಾಳ ಅಭಿಮಾನ ಬಂತು ನನಗ. ನಮ್ಮ ಅತ್ತಿ ಹಾಡ್ಯಾಳ, ಎಲ್ಲಾರೂ ಕೇಳಬೇಕು! ಮುಂದಿನ ಸಂಕ್ರಾಂತಿ ಅರಿಷಿಣ ಕುಂಕುಮಕ್ಕ ಬಂದವರಿಗೆಲ್ಲಾ ಎಳ್ಳುಬೆಲ್ಲ, ಕಣದ ಜೋಡಿ ಒಂದೊಂದು ಕ್ಯಾಸೆಟ್ ಕೊಟ್ಟೆ. ಅತ್ತಿ ಕ್ಯಾಸೆಟ್ಟಿನ್ಯಾಗಿಂದ ನಾನೇ ಕೂತು ತುಂಬಿಸಿದ್ದು. ಮೂವತ್ತೆರಡು ಕ್ಯಾಸೆಟ್. ರಾತ್ರಿ ಅಡಗಿಮನಿ ಕೆಲಸ ಮುಗಿಸಿ ಹದಿನೈದು ದಿನ ತುಂಬಿಸೀನಿ. ಖಾಲಿ ಕ್ಯಾಸೆಟ್ಟಿಗೆ ರೊಕ್ಕಾ ಕೊಟ್ಟೀನಿ. ಅದಕ್ಕ ಇನ್ನೊಂದಿಷ್ಟು ಹಾಕಿದ್ರ ಅಂಗಡ್ಯಾಗಿಂದ ಖರೆ ಕ್ಯಾಸೆಟ್ಟೇ ಬರತಿತ್ತು! ಅದು ಹೊಳೀಲೇ ಇಲ್ಲ ನೋಡ್ರಿ. ಇಸಗೊಂಡು ಹೋದವರು ತಾವೂ ತುಂಬಿಸಿ ತಮ್ಮ ಬೀಗರಿಗೆ ಕೊಟ್ರು.

ಎರಡು ವರ್ಷ ಆದ ಮ್ಯಾಲೆ ಅತ್ತಿನೇ ಹೋಗಿ ಮಾಲಕರನ್ನ ಕೇಳಿದ್ಲು, ಬೀಸೋ ಪದ ಯಾವಾಗ ಮಾಡೋದು ಅಂತ. ಅವರು ಪಾಪ ಬೈಲಿಲ್ಲ. "ಬಾಯಾರ, ಯಾರ ಮನಿಗೆ ಹೋದ್ರೂ ನಿಮ್ಮ ಹಾಡು ಕೇಳತದ. ನನ್ನ ಅಂಗಡ್ಯಾಗ ಮಾತ್ರ ಕ್ಯಾಸೆಟ್ ಹಂಗ ಕೂತಾವ" ಅಂದ್ರಂತ. ಅತ್ತಿ ಮನಿಗೆ ಬಂದು ಅದನ್ನ ನಕ್ಕೋತ ಹೇಳಿದ್ಲು. ನನಗ ಮುಖ ಎತ್ತಲಿಕ್ಕೆ ಆಗಲಿಲ್ಲ.

ಎರಡನೇ ಕ್ಯಾಸೆಟ್ ಆಗಲೇ ಇಲ್ಲ. 2004ರಾಗ ಅತ್ತಿ ಹೋದ್ಲು. ಬೀಸೋ ಪದಗಳೂ ಆಕಿ ಜೋಡಿನ ಹೋದ್ವು. ನನ್ನ ಹತ್ರ ಒಂದು ನೋಟಬುಕ್ಕಿನ್ಯಾಗ ಹನ್ನೊಂದು ಪದ ಅವ, ಅದೂ ಅರ್ಧಂಬರ್ಧ. ಧಾಟಿ ಒಂದರದ್ದೂ ಬರಂಗಿಲ್ಲ. ನನ್ನ ಮೂವತ್ತೆರಡು ಕ್ಯಾಸೆಟ್ಟಿನಿಂದನ ಹಂಗಾತು ಅಂತ ನಾ ಹೇಳಂಗಿಲ್ಲ. ಆದ್ರ ನನ್ನಂಥವರು ಓಣಿಗೊಬ್ಬರು ಇದ್ವಿ, ಅದು ಖರೆ.

ಮನ್ಯಾಗ ಹೆಪ್ಪು ಇಲ್ಲಂದ್ರ ಬಾಜೂ ಮನಿಯಿಂದ ಒಂದು ಚಮಚ ತರ್ತೀವಿ. ಕೊಟ್ಟವರದು ಏನೂ ಕಡಿಮಿ ಆಗಂಗಿಲ್ಲ, ನಮ್ಮಲ್ಲಿ ಗಡಿಗಿ ತುಂಬ ಮೊಸರು ಆಗತದ. ಹಾಡು ತುಂಬಿಸಿ ಕೊಡೋದೂ ಹಂಗ ಅಂತ ನಾವು ತಿಳ್ಕೊಂಡೀವಿ. ಆದ್ರ ಹೆಪ್ಪು ಯಾರದರೆ ಇರಲಿ, ಹಾಲು ನಮ್ಮದು ಇರ್ತದ, ಗೌಳ್ಯಾಗ ರೊಕ್ಕ ಕೊಟ್ಟಿರ್ತೀವಿ. ಹಾಡಿನ್ಯಾಗ ಹಾಲೂ ಅವರದ, ಹೆಪ್ಪೂ ಅವರದ. ನಮ್ಮದು ಬರೇ ಗಡಿಗಿ.

ಕ್ಯಾಸೆಟ್ ಹೋತು, ಸಿಡಿ ಬಂತು. ಬಸ್ ಸ್ಟ್ಯಾಂಡಿನ ಬಾಜೂ ಒಂದೇ ಸಿಡಿಯೊಳಗ ನೂರೈವತ್ತು ಹಾಡು ಹಾಕಿ ಮಾರತಿದ್ರು. ಆಮ್ಯಾಲೆ ಮೊಬೈಲ್ ಅಂಗಡಿಯೊಳಗ ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಸಿಕೊಳ್ಳೋದು ಬಂತು. ಅಮೆರಿಕಾದಾಗ 1999ರೊಳಗ ನ್ಯಾಪ್‌ಸ್ಟರ್ ಅಂತ ಒಂದು ಶುರು ಆಗಿತ್ತು, ಒಬ್ಬರ ಕಂಪ್ಯೂಟರಿನ್ಯಾಗಿನ ಹಾಡು ಇನ್ನೊಬ್ಬರು ಪುಕ್ಕಟೆ ಇಳಿಸಿಕೊಳ್ಳೋದು. ಕೋರ್ಟು 2001ರಾಗ ಅದನ್ನ ನಿಲ್ಲಿಸ್ತು. ಆದ್ರ ರುಚಿ ಹತ್ತಿಬಿಟ್ಟಿತ್ತು, ಒಂದು ಮುಚ್ಚಿದ್ರ ಹತ್ತು ಹುಟ್ಟಿದ್ವು. 1999ರಿಂದ 2014ರ ತನಕ ಜಗತ್ತಿನಾಗ ರೆಕಾರ್ಡ್ ಮಾಡಿದ ಹಾಡಿನ ಗಳಿಕಿ ನೂರಕ್ಕ ಸುಮಾರು ನಲವತ್ತರಷ್ಟು ಇಳೀತು. ಅದಕ್ಕ ಪುಕ್ಕಟೆ ಡೌನ್‌ಲೋಡ್ ಒಂದೇ ಕಾರಣ ಅಲ್ಲ, ಖರೆ. ದೊಡ್ಡ ಕಾರಣದಾಗ ಅದೂ ಒಂದು.

ಗಳಿಕಿ ಇಳದ್ರ ಮೊದಲ ಯಾರಿಗೆ ಪೆಟ್ಟು ಬೀಳತದ? ದೊಡ್ಡ ಗಾಯಕರು ಹ್ಯಾಂಗರ ಬದಕತಾರ, ಕಾರ್ಯಕ್ರಮ ಇರ್ತಾವ, ಟಿವಿ ಇರ್ತದ. ಒಂದು ಹಾಡಿನ ಹಿಂದ ಬರದವರು, ರಾಗ ಹಾಕಿದವರು, ತಬಲಾ, ಹಾರ್ಮೋನಿಯಂ, ಕೊಳಲು, ಪಿಟೀಲು ಬಾರಿಸೋವರು, ಸ್ಟುಡಿಯೋದಾಗ ರೆಕಾರ್ಡ್ ಮಾಡೋವರು ಎಷ್ಟು ಮಂದಿ ಇರ್ತಾರ! ರೊಕ್ಕ ಕಡಿಮಿ ಆದಾಗ ಮೊದಲ ಬಿಡೋದು ಇವರನ್ನ. ಸಣ್ಣ ಊರಿನ ಕಂಪನಿಗಳು ಒಂದೊಂದ ಬಾಗಲಾ ಹಾಕಿದ್ವು. ನಮ್ಮ ಅತ್ತಿಯಂಥವರನ್ನ ಹುಡುಕಿಕೊಂಡು ಬರೋವರ ಇಲ್ಲದಂಗಾತು.

ಗ್ರೂಪಿನ್ಯಾಗ ನನಗ ಬಂದ ಉತ್ತರಗಳಿಗೆ ಒಂದೊಂದಾಗಿ ಹೇಳ್ತೀನಿ.

"ಕಂಪನಿಯವರು ಶ್ರೀಮಂತರು, ಅವರಿಗೇನು ಕಡಿಮಿ?" ಅಂದ್ರು ಕಾಕು. ಕಂಪನಿಯವರೆಲ್ಲಾ ದೇವರಂಥವರು ಅಂತ ನಾನೂ ಅನ್ನಂಗಿಲ್ಲ. ಒಂದು ಸಲ ರೊಕ್ಕ ಕೊಟ್ಟು ಎಲ್ಲಾ ಹಕ್ಕು ಬರಸಿಕೊಂಡು ಬಿಡತಿದ್ರು. ಅದಕ್ಕ ಜಾವೇದ್ ಅಖ್ತರ್ ಅವರಂಥವರು ರಾಜ್ಯಸಭಾದಾಗ ನಿಂತು ಮಾತಾಡಿ, 2012ರಾಗ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆತು. ಸಿನಿಮಾ ಹಾಡು ಬರದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಪಾಲು ಇರ್ತದ, ಅದನ್ನ ಕಂಪನಿಗೆ ಬರದುಕೊಡಲಿಕ್ಕೆ ಬರಂಗಿಲ್ಲ ಅಂತ ಆತು. ಆದ್ರ ಹಾಡಿನಿಂದ ರೊಕ್ಕನ ಬರಲಿಲ್ಲಂದ್ರ ಪಾಲು ಎಲ್ಲಿಂದ ಬರಬೇಕು?

"ಹಾಡಿದವರು ಸತ್ತು ಹೋಗ್ಯಾರ, ಈಗ ಯಾರಿಗೆ ಕೊಡೋದು?" ಅಂದಳು ಇನ್ನೊಬ್ಬಾಕಿ. ಹಾಡು ಬರದವರ ಹಕ್ಕು ಅವರು ಹೋದ ಮ್ಯಾಲೂ 60 ವರ್ಷ ಇರ್ತದ ನಮ್ಮ ದೇಶದಾಗ. ಅವರ ಹೆಂಡ್ತಿ, ಮಕ್ಕಳಿಗೆ ಅದು ಒಂದು ತುತ್ತು. ಗಂಡ ಹೋದ ಮ್ಯಾಲೆ ಬರೋ ಫ್ಯಾಮಿಲಿ ಪೆನ್ಶನ್ ಅಂದ್ರ ಏನು ಅಂತ ನಮ್ಮೊಳಗ ಭಾಳ ಮಂದಿಗೆ ಗೊತ್ತದ.

"ಸಂಪ್ರದಾಯದ ಹಾಡು ಯಾರ ಮನೀದೂ ಅಲ್ಲ" ಅಂದ್ರು ವೈನಿ. ಒಪ್ಪಿದೆ. ಹಾಡು ಎಲ್ಲಾರದೂ. ನೀವು ಕಲ್ತು ಹಾಡ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ಇನ್ನೊಬ್ಬರು ಹಾಡಿ, ಖರ್ಚು ಮಾಡಿ ರೆಕಾರ್ಡ್ ಮಾಡಿದ್ದು ಅವರ ದುಡಿಮಿ. ಮಲ್ಲಿಗಿ ಹೂವು ದೇವರದು ಅಂತ ಮಾಲಿ ಕಟ್ಟಿದಾಕಿಗೆ ರೊಕ್ಕ ಕೊಡದ ಬರ್ತೀವೇನು?

"ಹಂಗಾದ್ರ ಬಡವರು ಹಾಡ ಕೇಳಬಾರದೇನು?" ಇದು ತಂಗಿ ಮಗಳ ಪ್ರಶ್ನೆ, ಇದಕ್ಕ ನಾ ಭಾಳ ವಿಚಾರ ಮಾಡಿದೆ. ನಾವೆಲ್ಲಾ ಪುಕ್ಕಟೆ ಕೇಳಿನ ಬೆಳದವರು. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಮನಿಮನಿಗೆ ಹಾಡು ಮುಟ್ಟಿಸೇದ. ಮನ್ಸೂರರನ್ನ, ಗಂಗೂಬಾಯಿಯವರನ್ನ, ರಾಜಗುರುಗಳನ್ನ ನಾವು ಟಿಕೀಟ್ ತೆಗೆಸಿ ಕೇಳಿದ್ದು ಕಡಿಮಿ, ರೇಡಿಯೋದಾಗ ಕೇಳಿದ್ದ ಹೆಚ್ಚು. ಆದ್ರ ಆಕಾಶವಾಣಿಯವರು ಹಾಡಿದವರಿಗೆ ಸಂಭಾವನೆ ಕೊಡ್ತಿದ್ರು. ನಮ್ಮ ಅಪ್ಪ ವರ್ಷಾ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿನ ರೊಕ್ಕ ಕಟ್ಟಿ ಬರತಿದ್ರು. ಪುಕ್ಕಟೆ ಕೇಳೋದು ತಪ್ಪಲ್ಲ. ಹಾಡಿದವರಿಗೆ ಯಾವ ದಾರಿಯಿಂದನೂ ಏನೂ ಮುಟ್ಟದಂಗ ಮಾಡೋದು ತಪ್ಪು.

ಈಗ ಅಂತೂ ಭಾಳ ಸಸಾರ ಆಗೇದ. ಯೂಟ್ಯೂಬಿನ್ಯಾಗ ಹಾಡಿದವರದೋ ಕಂಪನಿಯವರದೋ ಸ್ವಂತ ಚಾನೆಲ್ ಇರ್ತದ, ನಡುವ ಜಾಹೀರಾತು ಬರತದ, ಅದರಾಗಿಂದ ಅವರಿಗೆ ಪಾಲು ಹೋಗತದ. ಒಂದು ಸಲ ಕೇಳಿದ್ರ ಬರೋದು ಪೈಸಾ ಲೆಕ್ಕದಾಗ, ದೊಡ್ಡದೇನಲ್ಲ. ಆದ್ರ ಹನಿಹನಿ ಕೂಡಿದ್ರ ಹಳ್ಳ ಅಂತಾರಲ್ಲ. ನಾವು ಅದನ್ನ ಕಿತ್ತು ಫೈಲ್ ಮಾಡಿ ಇಪ್ಪತ್ತು ಮಂದಿಗೆ ಕಳಿಸಿದ್ರ, ಆ ಇಪ್ಪತ್ತೂ ಮಂದಿ ಕೇಳಿದ್ದು ಲೆಕ್ಕಕ್ಕ ಬರಂಗಿಲ್ಲ. ಅದಕ್ಕ ನಮ್ಮ ಗ್ರೂಪಿನ್ಯಾಗ ನಾ ಒಂದ ಮಾತು ಹೇಳಿದೆ. ಫೈಲ್ ಕಳಸಬ್ಯಾಡ್ರಿ, ಲಿಂಕ್ ಕಳಸ್ರಿ. ಅಷ್ಟು ಮಾಡಿದ್ರ ಸಾಕು.

ಕಾಯ್ದೇನೂ ಅದ. ಗೊತ್ತಿದ್ದೂ ಹಕ್ಕು ಮುರದವರಿಗೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50,000 ರೂಪಾಯಿಂದ 2 ಲಕ್ಷದ ತನಕ ದಂಡ. ನಮ್ಮ ಕರ್ನಾಟಕದ ಗೂಂಡಾ ಕಾಯ್ದೆಯೊಳಗೂ ಆಡಿಯೋ, ವಿಡಿಯೋ ಕದಿಯೋವರನ್ನ ಸೇರಿಸ್ಯಾರ. ಆದ್ರ ನಾ ನಿಮ್ಮನ್ನ ಹೆದರಸಲಿಕ್ಕೆ ಹೇಳ್ಲಿಕತ್ತಿಲ್ಲ. ಮಂಗಳಗೌರಿ ಹಾಡು ಕಳಿಸಿದ್ದಕ್ಕ ಕಾಕುನ್ನ ಹಿಡಕೊಂಡು ಹೋಗಲಿಕ್ಕೆ ಪೊಲೀಸರು ಬರಂಗಿಲ್ಲ. ಯಾರೂ ಬರಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ನಾವು ಇನ್ನೊಬ್ಬರ ಮನಿ ಹಿತ್ತಲದಾಗಿನ ಹೂವು ಹರೀತೀವೇನು?

ಇಷ್ಟೆಲ್ಲಾ ಆದ ಮ್ಯಾಲೆ ತಂಗಿ ಮಗಳು ಕೇಳಿದ್ಲು. "ಹಂಗಾದ್ರ ಅಜ್ಜಿ ಹಾಡಿದ ಆರತಿ ಹಾಡು ನನಗ ಬೇಕು. ಅದು ಯೂಟ್ಯೂಬಿನ್ಯಾಗೂ ಇಲ್ಲ, ಅಂಗಡ್ಯಾಗೂ ಇಲ್ಲ. ಎಲ್ಲಿಂದ ಕೊಂಡ್ಕೊಳ್ಳಲಿ?"

ಏನು ಹೇಳಬೇಕು? ಅತ್ತಿ ಮನ್ಯಾಗಿದ್ದ ಕ್ಯಾಸೆಟ್ಟಿಗೆಲ್ಲಾ ಬೂಷ್ಟು ಹಿಡದು ಹೋಗ್ಯಾವ. ಉಳದದ್ದು ಒಂದ, ಪುಣೇದಾಗಿರೋ ನಮ್ಮ ನಾದಿನಿ ಹತ್ರ. ನಾ ಅರಿಷಿಣ ಕುಂಕುಮಕ್ಕ ತುಂಬಿಸಿ ಕೊಟ್ಟಿದ್ದು! ನನ್ನ ತಪ್ಪಿನಿಂದನ ಒಂದು ಉಳದದ, ಅದೂ ಖರೆ.

ನಾನು ಹುಬ್ಬಳ್ಳಿಯೊಳಗ ಅವರಿವರನ್ನ ಕೇಳಿ ಆ ಕಂಪನಿ ಮಾಲಕರ ಮಗನ ಫೋನ್ ನಂಬರ್ ಹುಡುಕಿದೆ. ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆಗೇದ, ಅವರು ಈಗ ಸ್ಟೇಶನರಿ ಅಂಗಡಿ ಇಟ್ಟಾರ. ನಾ ಎಲ್ಲಾ ಹೇಳಿದೆ, ಮೂವತ್ತೆರಡು ಕ್ಯಾಸೆಟ್ಟಿಂದೂ ಹೇಳಿದೆ. ಮನ್ಯಾಗಿನವರಿಗೆ ಕಳಸಲ್ಯಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಕಳಸ್ರಿ ಅಕ್ಕಾರ. ಅಪ್ಪ ಇದ್ದಿದ್ರ ಖುಷಿ ಪಡ್ತಿದ್ರು. ಇಷ್ಟು ವರ್ಷದಾಗ ಕೇಳಿದವರು ನೀವ ಮೊದಲು" ಅಂದ್ರು. ಅತ್ತಿ ಮಗಳನ್ನೂ ಕೇಳಿದೆ, ಆಕಿನೂ ಹೂಂ ಅಂದಳು. ಆಮ್ಯಾಲೆ ಕಳಿಸಿದೆ, ಹಾಡಿದವರ ಹೆಸರು, ಕಂಪನಿ ಹೆಸರು, ಎರಡೂ ಬರದು.

ಎರಡನೇ ಶ್ರಾವಣ ಶುಕ್ರವಾರ ನಮ್ಮ ಮನ್ಯಾಗ ಗೌರಿ ಆರತಿ ಅದ, ಎಲ್ಲಾರೂ ಬರ್ರಿ. ಅವತ್ತು ಅತ್ತಿ ಹಾಡು ಹಚ್ಚತೀನಿ. ನಮ್ಮ ಹಿಂದಿನ ಓಣಿಯೊಳಗ ಬೀಸೋ ಪದ ಬರೋ ಅಜ್ಜಿಯೊಬ್ಬರು ಇದ್ದಾರ, ಅವರನ್ನೂ ಕರದೀನಿ. ಉಡಿ ತುಂಬೋದರ ಜೋಡಿ ಅವರ ಕೈಯಾಗ ಐದು ನೂರು ರೂಪಾಯಿ ಇಡಬೇಕಂತ ಮಾಡೀನಿ, ಕೂಡೋವರು ಕೂಡಿಸ್ರಿ. ಮೊಬೈಲ್ ತರ್ರಿ, ಆದ್ರ ರೆಕಾರ್ಡ್ ಮಾಡೋಕಿಂತ ಮೊದಲ ಅಜ್ಜಿಯವರನ್ನ ಒಂದು ಮಾತು ಕೇಳ್ರಿ.