ಚಪ್ಪರದಾಚೆಯ ಶ್ರೋತೃಗಳು

“ಸಂಗೀತಕ್ಕೂ ಹಕ್ಕುಗಳ ಜಗಳಕ್ಕೂ ಏನು ಸಂಬಂಧ?” ಎಂದು ಕೇಳುವ ರಸಿಕ ಮಹಾಶಯರ ಪಂಗಡಕ್ಕೆ ನಾನೂ ಸೇರಿದ್ದವನೇ. ಅಮೆರಿಕದ ಒಂದೂರಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಸ್ಮರಣೆಯ ದಿನ ಪಿಟೀಲು ನುಡಿಸಲು ಒಪ್ಪಿದ್ದು, ನಿಜ ಹೇಳಬೇಕೆಂದರೆ, ಸಂಭಾವನೆಗಾಗಿ.

ನನಗೆ ಮುಂಚೆ ಮಾತನಾಡಿದವರು ಗಾಯಕಿ ಮೇರಿಯನ್ ಆಂಡರ್ಸನ್ನರ ಕಥೆ ಹೇಳಿದರು. ಆಕೆ ಕಪ್ಪು ಜನಾಂಗದವರು. 1939ರಲ್ಲಿ ವಾಷಿಂಗ್‌ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನ ವೇದಿಕೆ ಬಿಳಿಯರಿಗೆ ಮಾತ್ರ, ಆಕೆಗೆ ಸಿಗಲಿಲ್ಲ. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಬಯಲಲ್ಲಿ ಕೇಳಿದವರು ಸುಮಾರು 75,000 ಮಂದಿ.

ಆಮೇಲೆ ನನ್ನ ಕಾಂಭೋಜಿ. ಚೆನ್ನಾಗಿಯೇ ಬಂತು. ಮುಗಿದೊಡನೆ ಒಬ್ಬ ಅಜ್ಜಿ ಬಂದು ಕೈಹಿಡಿದು, “ಇದನ್ನು ಕೇಳಲು ನಿಮ್ಮಲ್ಲಿ ಯಾರನ್ನು ಒಳಕ್ಕೆ ಬಿಡುತ್ತಿರಲಿಲ್ಲ?” ಎಂದರು.

ಸಂಗೀತಕ್ಕೆ ಜಾತಿಯಿಲ್ಲವೆಂಬ ನಮ್ಮ ಸಿದ್ಧ ಉತ್ತರ ನಾಲಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ನಮ್ಮೂರ ರಾಮನವಮಿಯ ಚಪ್ಪರ ನೆನಪಾಯಿತು. ಬೀದಿಯಾಚೆ, ಚರಂಡಿಯ ಮಗ್ಗುಲಲ್ಲಿ ನಿಂತು ತಾಳ ಹಾಕುತ್ತಿದ್ದ ಜನ ನೆನಪಾದರು. ನಾವು ಬಾಗಿಲಿಗೆ ಬೋರ್ಡು ಹಾಕಿದವರಲ್ಲ, ನಿಜ. ಬೋರ್ಡಿಲ್ಲದೆಯೇ ಅವರಿಗೆ ತಮ್ಮ ಎಲ್ಲೆ ಗೊತ್ತಿತ್ತಲ್ಲ, ಅದಕ್ಕೇನೆನ್ನುತ್ತೀರಿ? ನಾದ ನಿರ್ಮಲವೆನ್ನುವ ಸ್ವಾಮಿಗಳೇ, ಅವರ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಯನ್ನು ನಿಮ್ಮ ಕಚೇರಿಯ ವೇದಿಕೆಯ ಮೇಲೆ ಕಂಡಿದ್ದೀರಿ?

“ಚಪ್ಪರದಾಚೆ ನಿಂತವರನ್ನು, ಅಮ್ಮ” ಎಂದೆ. ಅಜ್ಜಿ ಹಿಡಿದ ಕೈ ಬಿಡಲಿಲ್ಲ.