ತೆರಣಿಯ ಹುಳುವಿಗೆ ವಿಜ್ಞಾನದ ಮೊಹರು ಬೇಕೆ?

ವಚನಗಳಲ್ಲಿ ಆಧುನಿಕ ವಿಜ್ಞಾನವೆಲ್ಲವೂ ಅಡಗಿದೆ ಎಂಬ ಮಾತು ಪ್ರವಚನದ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪರಮಾಣುವಿನಿಂದ ಬ್ರಹ್ಮಾಂಡದವರೆಗೆ ಶರಣರು ಎಲ್ಲವನ್ನೂ ಮೊದಲೇ ಹೇಳಿಟ್ಟಿದ್ದರೆಂದು ಸಾರಿದೊಡನೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಇನ್ನೊಂದು ಕಡೆ, ವಚನಗಳು ಸೊಗಸಾದ ಕಾವ್ಯವಷ್ಟೇ, ಅವುಗಳಲ್ಲಿ ತತ್ತ್ವವನ್ನು ಅರಸುವುದು ವ್ಯರ್ಥವೆನ್ನುವ ಪಂಡಿತರೂ ಇದ್ದಾರೆ. ಮೊದಲನೆಯದು ಭಕ್ತಿಯಂತೆಯೂ ಎರಡನೆಯದು ವಿಮರ್ಶೆಯಂತೆಯೂ ತೋರುತ್ತದೆ. ವಿಚಾರಿಸಿ ನೋಡಿದರೆ ಎರಡೂ ಒಂದೇ ತಪ್ಪಿನ ಎರಡು ಮುಖಗಳು. ಕಲೆ ಬೇರೆ, ವಿಜ್ಞಾನ ಬೇರೆ. ತತ್ತ್ವವು ಇವೆರಡರಲ್ಲಿ ಒಂದರ ಪಾಲಿಗೆ ಸೇರಲೇಬೇಕು ಎಂಬುದೇ ಆ ತಪ್ಪು.

ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದನ್ನು ನೆನೆಯಬಹುದು. ತೆರಣಿಯ ಹುಳು, ಅಂದರೆ ರೇಷ್ಮೆಯ ಹುಳು, ಅಕ್ಕರೆಯಿಂದ ಮನೆಯೊಂದನ್ನು ಕಟ್ಟಿಕೊಂಡು, ತಾನೇ ನೂತ ಎಳೆಯಲ್ಲಿ ಸಿಲುಕಿ ಅಳಿಯುವುದನ್ನು ಅಕ್ಕ ತಮ್ಮ ಮನದ ಬಯಕೆಗೆ ಹೋಲಿಸುತ್ತಾರೆ. ಇದನ್ನು ಕೀಟಶಾಸ್ತ್ರವೆಂದು ಓದಿದರೆ ಏನಾದೀತು? ಗೂಡಿನೊಳಗಿನ ಹುಳು ಕೋಶಾವಸ್ಥೆಯನ್ನು ಕಳೆದು, ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬರುವುದು ಅದರ ಸಹಜ ಕ್ರಮ. ನೂಲು ತೆಗೆಯಲೆಂದು ಮನುಷ್ಯನು ಗೂಡನ್ನು ಬೇಯಿಸಿದಾಗ ಅದು ಒಳಗೇ ಸಾಯುತ್ತದೆ. ಹಾಗಾದರೆ ಅಕ್ಕನ ಮಾತು ಅರೆಸತ್ಯವೆಂದು ತೀರ್ಪು ಕೊಡಬೇಕೆ? ವಚನಕ್ಕೆ ವಿಜ್ಞಾನದ ಕಿರೀಟ ತೊಡಿಸಹೊರಟವರೇ ಅದನ್ನು ಸೋಲುವ ಪರೀಕ್ಷೆಗೆ ಕೂರಿಸುತ್ತಾರೆ. ಮೇಲಾಗಿ, ವಿಜ್ಞಾನವು ತನ್ನನ್ನು ತಾನು ತಿದ್ದಿಕೊಳ್ಳುತ್ತ ಸಾಗುವಂಥದ್ದು. ಇಂದಿನ ಸಿದ್ಧಾಂತಕ್ಕೆ ವಚನವನ್ನು ಕಟ್ಟಿದರೆ, ನಾಳೆ ಆ ಸಿದ್ಧಾಂತ ಬದಲಾದಾಗ ವಚನವನ್ನೂ ಬಿಸಾಡಬೇಕಾಗುತ್ತದೆ.

ಬರಿಯ ಕಾವ್ಯವೆಂದು ಓದುವವರಿಗೆ ಈ ತೊಡಕಿಲ್ಲ. ಉಪಮೆ ಚೆನ್ನಾಗಿದೆಯೆಂದು ತಲೆದೂಗಿ ಎದ್ದುಹೋಗಬಹುದು. ಆದರೆ ನಿನ್ನನ್ನು ಸುತ್ತಿರುವ ನೂಲು ಯಾರದೆಂದು ವಚನ ಕೇಳುತ್ತಿರುವ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ಹುಳು ಎಳೆಯನ್ನು ತನ್ನ ಒಡಲಿನಿಂದಲೇ ತೆಗೆಯುತ್ತದೆ ಎಂಬುದು ಕಣ್ಣಿಟ್ಟು ಕಂಡ ಸತ್ಯ. ಆ ನೋಟವಿಲ್ಲದಿದ್ದರೆ ಉಪಮೆಯೇ ಇಲ್ಲ. ಆ ಉಪಮೆಯಿಲ್ಲದಿದ್ದರೆ ಬಯಕೆಯೂ ಒಳಗಿನಿಂದಲೇ ಹುಟ್ಟಿ ಬಿಗಿಯುತ್ತದೆಂಬ ಅರಿವು ಮನಕ್ಕೆ ನಾಟುವುದಿಲ್ಲ.

ಇಟ್ಟಿಗಿಯ ಸೀಮೆಯವರು ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಅದೇ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ, ತುಂಗಭದ್ರೆಯ ದಡದಲ್ಲಿ, 11ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಮದನಿಕೆಯರನ್ನು ಕಂಡವರು ಕಲೆಯೆಂದು ಹೊಗಳುತ್ತಾರೆ. ಆದರೆ ಬಳಪದ ಕಲ್ಲಿನ ಮೃದುತ್ವವನ್ನೂ, ಅದು ಎಲ್ಲಿ ಸೀಳುತ್ತದೆ, ಎಷ್ಟು ಭಾರ ತಾಳುತ್ತದೆ ಎಂಬುದನ್ನೂ ತಿಳಿಯದ ಶಿಲ್ಪಿ ಒಂದು ಬೆರಳನ್ನೂ ಕಡೆಯಲಾರ. ಸ್ಥಾವರದ ಬಗ್ಗೆ ಶರಣರ ನಿಲುವು ಬೇರೆಯೇ ಇರಲಿ. ಉಳಿ ಹಿಡಿದ ಕೈಯ ಕಾಯಕದಲ್ಲಿ ತಿಳಿವಳಿಕೆಯೂ ಸೌಂದರ್ಯವೂ ಬೇರೆಬೇರೆಯಾಗಿರಲಿಲ್ಲ.

ಎರಡೂ ಒಂದೇ ಎಂದು ಇದರ ಅರ್ಥವಲ್ಲ. ವಸ್ತು ಹೇಗಿದೆ ಎಂಬುದನ್ನು ವಿಜ್ಞಾನ ಪರೀಕ್ಷಿಸಿ ಹೇಳುತ್ತದೆ. ಅದನ್ನು ಬಾಳಿಗೆ ತಾಗುವಂತೆ ಕಲೆ ಕಾಣಿಸುತ್ತದೆ. ಹೀಗಿರುವಾಗ ಹೇಗೆ ಬಾಳಬೇಕೆಂದು ತತ್ತ್ವ ಕೇಳುತ್ತದೆ. ಶರಣರು ಅರಿವಿನ ಜೊತೆಗೆ ಆಚಾರವನ್ನು ಇಟ್ಟದ್ದು ಇದಕ್ಕಾಗಿಯೇ. ನಡೆಯಲ್ಲಿ ನಿಲ್ಲದ ನುಡಿಗೆ ಪ್ರಯೋಗಾಲಯದ ಮೊಹರೂ ಬೆಲೆ ತಾರದು, ಛಂದಸ್ಸಿನ ಸೊಗಸೂ ತಾರದು.

ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಜಾಣರಾದರೆ ವಿಜ್ಞಾನ, ಇಲ್ಲವಾದರೆ ಕಲಾ ವಿಭಾಗ ಎಂದು ಮನೆಯಲ್ಲಿಯೇ ಹೇಳಲಾಗುತ್ತದೆ. ಅದೇ ಮಕ್ಕಳು ಪ್ರವಚನಕ್ಕೆ ಬಂದಾಗ ವಚನವೂ ವಿಜ್ಞಾನವೇ ಎಂದು ಕೇಳಿದರೆ, ವಿಜ್ಞಾನವಲ್ಲದ್ದಕ್ಕೆ ಬೆಲೆಯಿಲ್ಲವೆಂದೇ ತಿಳಿಯುತ್ತಾರೆ. ಮುಂದೆ ನಿಜವಾದ ವಿಜ್ಞಾನವನ್ನು ಕಲಿತ ದಿನ ವಚನವನ್ನೂ ಕೈಬಿಡುತ್ತಾರೆ. ಆ ನಷ್ಟಕ್ಕೆ ಹೊಣೆ ಯಾರೆಂಬುದನ್ನು ಚಪ್ಪಾಳೆ ಗಿಟ್ಟಿಸುವ ವೇದಿಕೆಗಳು ಈಗಲೇ ಯೋಚಿಸಬೇಕು.