ಏರ್‌ಬ್ಯಾಗೂ ಕೆಲಸಗಾರನ ಪ್ರಾಣವೂ

ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮವು 2019ರ ಜುಲೈ 1ರಿಂದ ಜಾರಿಗೆ ಬಂದಿತು. ಪಕ್ಕದ ಆಸನಕ್ಕೂ ಅದು ಅನಂತರ ಕಡ್ಡಾಯವಾಯಿತು. ಈ ನಿಯಮವು ಸ್ತುತ್ಯರ್ಹವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಯಾಣಿಕನನ್ನು ಕಾಯುವ ಈ ಸಾಧನವೇ ಕಾರನ್ನು ದುರಸ್ತಿ ಮಾಡುವ ಬಡ ಕೆಲಸಗಾರನ ಪ್ರಾಣಕ್ಕೆ ಎರವಾಗಬಲ್ಲುದೆಂಬುದನ್ನು ಕಾರಿನ ಒಡೆಯರೂ ಗ್ಯಾರೇಜಿನ ಯಜಮಾನರೂ ಇನ್ನೂ ಸಾಕಷ್ಟು ಮನಗಂಡಂತೆ ಕಾಣುವುದಿಲ್ಲ.

ಏರ್‌ಬ್ಯಾಗಿನ ಗರ್ಭದಲ್ಲಿರುವುದು ಕಿಡಿ ತಗುಲಿದೊಡನೆ ಉರಿದು ಅನಿಲವಾಗುವ ರಾಸಾಯನಿಕ ದ್ರವ್ಯ. ಚೀಲವು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಉಬ್ಬಿ ನಿಲ್ಲುತ್ತದೆ. ಆಸನದಲ್ಲಿ ಪಟ್ಟಿ ಬಿಗಿದು ಕುಳಿತವನಿಗೆ ಅದು ರಕ್ಷೆ. ಸ್ಟೀರಿಂಗಿನ ಮೇಲೆ ಬಾಗಿ ತಂತಿಗಳನ್ನು ಬಿಡಿಸುತ್ತಿರುವವನ ಮುಖಕ್ಕೆ ಅದು ಸಿಡಿಲಿನ ಪೆಟ್ಟು. ಬ್ಯಾಟರಿಯನ್ನು ಕಳಚಿದೊಡನೆ ಅಪಾಯ ಕಳೆಯಿತೆಂದು ಭಾವಿಸುವುದೂ ತಪ್ಪು. ಅಪಘಾತದಲ್ಲಿ ಬ್ಯಾಟರಿ ಜಖಂಗೊಂಡರೂ ಚೀಲವು ತೆರೆಯಬೇಕೆಂದು, ಅದರ ನಿಯಂತ್ರಣ ಪೆಟ್ಟಿಗೆಯಲ್ಲಿ ಸ್ವಲ್ಪ ವಿದ್ಯುತ್ತನ್ನು ಸಂಗ್ರಹಿಸಿಟ್ಟಿರುತ್ತಾರೆ. ಆ ಶೇಷವು ಇಳಿಯುವವರೆಗೆ ಸಿಡಿಯುವ ಸಂಭವ ಉಂಟು.

ಆದುದರಿಂದ ಕ್ರಮವು ಹೀಗಿರತಕ್ಕದ್ದು. ಮೊದಲು ಇಗ್ನಿಷನ್ ಆರಿಸಿ ಕೀಲಿಯನ್ನು ತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಮತ್ತೆ ತಗುಲದಂತೆ ದೂರವಿರಿಸಬೇಕು. ಬಳಿಕ ತಯಾರಕರು ಗೊತ್ತುಪಡಿಸಿದಷ್ಟು ಹೊತ್ತು ಕಾಯಬೇಕು. ಕೆಲವು ಕಾರುಗಳಿಗೆ ಒಂದೆರಡು ನಿಮಿಷ ಸಾಕು, ಕೆಲವಕ್ಕೆ ಹತ್ತು ನಿಮಿಷವೂ ಬೇಕು. ಆಮೇಲೆಯೇ ಸಾಮಾನ್ಯವಾಗಿ ಹಳದಿ ಬಣ್ಣದ್ದಾಗಿರುವ ಅದರ ಕನೆಕ್ಟರನ್ನು ಮುಟ್ಟಬೇಕು. ಮೀಟರು ಹಚ್ಚಿ ಏರ್‌ಬ್ಯಾಗನ್ನು ಪರೀಕ್ಷಿಸಕೂಡದು. ಮೀಟರಿನ ಅಲ್ಪ ವಿದ್ಯುತ್ತೇ ಕಿಡಿ ಹೊತ್ತಿಸಬಹುದು. ಬಿಚ್ಚಿದ ಏರ್‌ಬ್ಯಾಗನ್ನು ಚೀಲ ತೆರೆಯುವ ಮುಖ ಮೇಲಾಗಿ ಇರಿಸಬೇಕು. ಕವುಚಿಟ್ಟುದು ಸಿಡಿದರೆ ಇಡಿಯ ಪೆಟ್ಟಿಗೆಯೇ ಮೇಲಕ್ಕೆ ಹಾರುವುದು. ಸೀಟ್ ಬೆಲ್ಟನ್ನು ಬಿಗಿಗೊಳಿಸುವ ಸಾಧನದಲ್ಲಿಯೂ ಅನೇಕ ಕಾರುಗಳಲ್ಲಿ ಇಂಥದೇ ಸಿಡಿಮದ್ದು ಇರುವುದರಿಂದ ಅಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ. ಬೇಕಾದುದು ತಿಳಿವಳಿಕೆ ಮತ್ತು ಸಮಾಧಾನ. ಸಂಜೆಯೊಳಗೆ ಕಾರು ಸಿದ್ಧವಾಗಲೇಬೇಕೆಂದು ತಲೆಯ ಮೇಲೆ ನಿಂತು ಅವಸರಪಡಿಸುವ ಮಹನೀಯರು, ತಾವು ಉಳಿಸುವ ಹತ್ತು ನಿಮಿಷಕ್ಕೆ ಇನ್ನೊಬ್ಬನ ಕಣ್ಣು ಬೆಲೆಯಾದೀತೆಂಬುದನ್ನು ನೆನೆಯಲಿ. ಗ್ಯಾರೇಜಿನಲ್ಲಿ ಬಾಲ್ಯದಿಂದ ಕೈಕೆಲಸ ಕಲಿತವನಿಗೆ ಇಂಗ್ಲಿಷಿನ ಕೈಪಿಡಿಯಿಂದ ಏನು ಫಲ? ತಯಾರಕರು ಈ ಸೂಚನೆಗಳನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಹಳ್ಳಿಯ ಗ್ಯಾರೇಜಿಗೂ ಮುಟ್ಟಿಸುವುದು ಅವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಮಾತು. ದುರಸ್ತಿಗಾಗಿ ನಿಷ್ಕ್ರಿಯಗೊಳಿಸಿದುದನ್ನು ಮರಳಿ ಜೋಡಿಸದೆ, ಅದರ ಸ್ಥಾನದಲ್ಲಿ ರೆಸಿಸ್ಟರ್ ಸಿಕ್ಕಿಸಿ ಎಚ್ಚರಿಕೆಯ ದೀಪವನ್ನು ಆರಿಸುವುದು ಶುದ್ಧ ವಂಚನೆ. ಆ ಕಾರಿನಲ್ಲಿ ಕೂರುವ ಕುಟುಂಬವು ಇಲ್ಲದ ರಕ್ಷಣೆಯನ್ನು ನಂಬಿ ಹೊರಟಿರುತ್ತದೆ. ಸಾರಿಗೆ ಇಲಾಖೆಯವರು ಈ ವಂಚನೆಯನ್ನು ಕಠಿಣವಾಗಿ ಕಾಣಬೇಕೆಂದೂ, ಕೈಗಾರಿಕಾ ತರಬೇತಿ ಸಂಸ್ಥೆಗಳು ಊರೂರಿನ ಕೆಲಸಗಾರರಿಗೆ ಒಂದು ದಿನದ ಶಿಕ್ಷಣವನ್ನಾದರೂ ಏರ್ಪಡಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ.